ಅರ್ಧ ನಾಟ್ತದ

"ಅರ್ಧ ನಾಟ್ತದ."

ಅವತ್ತು ರಾತ್ರಿ ಈ ಮಾತನ್ನು ಎಷ್ಟು ಸಲ ಹೇಳಿದೆನೋ ನನಗೇ ಲೆಕ್ಕವಿಲ್ಲ. ಬೀದರಿನ ಹಳೇ ಊರು, ಚೌಬಾರಾದ ಹಿಂದಿನ ಓಣಿ, ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆ. ಕರೆಂಟು ಹೋಗಿ ಮುಕ್ಕಾಲು ತಾಸಾಗಿತ್ತು. ಮೊಬೈಲ್ ಬೆಳಕಿನಲ್ಲಿ ನಾಲ್ವರು ದಾಳ ಉರುಳಿಸುತ್ತಿದ್ದರು, ನಾನು ಒಂದು ಕಲ್ಲಿನ ಭೂತವನ್ನು ಆಡಿಸುತ್ತಿದ್ದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಏನೂಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅರ್ಧ ಬಯಲಾಟ, ಅರ್ಧ ಪಗಡಿ. ಒಬ್ಬೊಬ್ಬರದು ಒಂದೊಂದು ವೇಷ. ಭಾಗವತನ ಜಾಗದಲ್ಲಿ ಕೂತವನು ಊರು, ಕಾಡು, ರಾಕ್ಷಸರು ಎಲ್ಲವನ್ನೂ ನಡೆಸುತ್ತಾನೆ. ಹೊಡೆದ ಏಟು ಬಿತ್ತೋ ಇಲ್ಲವೋ, ಎಷ್ಟು ಬಿತ್ತು ಅನ್ನುವುದನ್ನು ದಾಳ ಹೇಳುತ್ತದೆ. ನಮ್ಮಲ್ಲಿ ಭಾಗವತ ನಾನು. ಆಟಗಾರರು ಒಬ್ಬ ಗಣಿತದ ಮಾಸ್ತರು, ಒಬ್ಬ ಮೆಡಿಕಲ್ ಅಂಗಡಿಯವ, ಬಿದ್ರಿ ಕೆಲಸದ ಮನೆತನದ ಒಬ್ಬ ಹುಡುಗ, ಮತ್ತೆ ನನ್ನ ತಂಗಿ.

ಆ ಕಲ್ಲಿನ ಭೂತಕ್ಕೆ ಗಾರ್ಗಾಯ್ಲ್ ಅಂತಾರೆ. 2014ರ ಐದನೇ ಆವೃತ್ತಿಯ ಪ್ರಕಾರ ಅದರ ಜೀವ 52 ಅಂಕ. ಆದರೆ ಮಂತ್ರವಿಲ್ಲದ ಯಾವ ಆಯುಧದಿಂದ ಹೊಡೆದರೂ ಅದಕ್ಕೆ ಅರ್ಧವೇ ಪೆಟ್ಟು. ಅಡಮಂಟೈನ್ ಅನ್ನುವ ಕಲ್ಪನೆಯ ಲೋಹದ ಆಯುಧವಾದರೆ ಮಾತ್ರ ಪೂರಾ. ವಿಷ ತಾಗುವುದೇ ಇಲ್ಲ. ನಮ್ಮವರು ಆಗಿನ್ನೂ ಎರಡನೇ ಮೆಟ್ಟಿಲಲ್ಲಿದ್ದರು. ಕೈಯಲ್ಲಿ ಮಂತ್ರದ ಕತ್ತಿಯಿಲ್ಲ, ಆ ಲೋಹದ ಹೆಸರನ್ನೂ ಕೇಳಿದವರಲ್ಲ. ಮೆಡಿಕಲ್ ಅಂಗಡಿಯವ ಮೂರು ವಾರದಿಂದ ಜೋಪಾನ ಮಾಡಿಟ್ಟಿದ್ದ ವಿಷದ ಬಾಣ ಬಿಟ್ಟ. ನಾನು ಪುಸ್ತಕ ನೋಡಿ, "ವಿಷ ನಾಟಂಗಿಲ್ಲ" ಅಂದೆ. ಮಾಸ್ತರು ಕೊಡಲಿಯಿಂದ ಹನ್ನೆರಡು ಹೊಡೆದರು. "ಅರ್ಧ ನಾಟ್ತದ, ಆರು." ತಂಗಿ ಎರಡು ಚೂರಿಯಿಂದ ಐದು, ಐದು. "ಎರಡು, ಎರಡು." ಅರ್ಧ ಮಾಡುವಾಗ ಉಳಿದ ಚಿಲ್ಲರೆಯನ್ನು ಈ ಆಟ ಕೆಳಕ್ಕೇ ಇಳಿಸುತ್ತದೆ.

ಒಂದೂವರೆ ತಾಸು ಹೀಗೇ ನಡೆಯಿತು. ಯಾರೂ ಸಾಯಲಿಲ್ಲ, ಯಾರೂ ಖುಷಿಪಡಲಿಲ್ಲ. ಕೊನೆಗೆ ಮಾಸ್ತರು ಪೆನ್ಸಿಲ್ ಕೆಳಗಿಟ್ಟು, "ನಿಮ್ಮ ಪುಸ್ತಕದಾಗ ಐವತ್ತೆರಡು, ನಮ್ಮ ಪಾಲಿಗೆ ನೂರಾ ನಾಕು. ಇದು ಕಾಳಗ ಅಲ್ರೀ, ಸೊಸೈಟಿ ಸಾಲದ ಕಂತು" ಅಂದರು.

ನಾನು ನಕ್ಕೆ, ಆದರೆ ಆ ಮಾತು ಚುಚ್ಚಿತು. ಹೊಡೆಯುವವನಿಗೆ ಬೇರೆ ದಾರಿಯೇ ಇಲ್ಲದಿದ್ದಾಗ, ಪೆಟ್ಟನ್ನು ಅರ್ಧ ಮಾಡುವ ಈ 'ತಡೆ' ಅನ್ನುವ ನಿಯಮ ಒಂದೇ ಒಂದು ಕೆಲಸ ಮಾಡುತ್ತದೆ, ಹೊತ್ತು ಕಳೆಯುತ್ತದೆ. ತಪ್ಪು ಪುಸ್ತಕದ್ದಲ್ಲ, ನನ್ನದು. ಅದನ್ನು ಒಪ್ಪಿಕೊಳ್ಳಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹಳೇ ಆವೃತ್ತಿಗಳನ್ನೆಲ್ಲ ಕೆದಕಿ, ದೋಷ ಯಾರ ತಲೆಗೆ ಕಟ್ಟಬಹುದು ಅಂತ ಹುಡುಕಿದ್ದೂ ಆಯಿತು.

ಆಯುಧದ ಪೆಟ್ಟುಗಳನ್ನು ಈ ಆಟ ಮೂರು ಬಗೆ ಮಾಡುತ್ತದೆ. ನಮ್ಮ ಕೋಣೆಯಲ್ಲಿ ಅವಕ್ಕೆ ಕಡಿಯೋದು, ಚುಚ್ಚೋದು, ಜಜ್ಜೋದು ಅಂತ ಹೆಸರು. ಕತ್ತಿ, ಕೊಡಲಿ ಕಡಿಯುತ್ತವೆ. ಬಾಣ, ಭರ್ಚಿ ಚುಚ್ಚುತ್ತವೆ. ಗದೆ, ಸುತ್ತಿಗೆ, ಬಡಿಗೆ ಜಜ್ಜುತ್ತವೆ. ಇದರ ಮೇಲೆ ಬೆಂಕಿ, ಥಂಡಿ, ಸಿಡಿಲು, ಆಸಿಡ್ಡು, ವಿಷ ಇತ್ಯಾದಿ. ಒಂದೊಂದು ಪ್ರಾಣಿಗೂ ಯಾವುದು ಅರ್ಧ ನಾಟ್ತದ, ಯಾವುದು ನಾಟಂಗಿಲ್ಲ, ಯಾವುದು ದುಪ್ಪಟ್ಟು ನಾಟ್ತದ ಅಂತ ಬರೆದಿರುತ್ತದೆ.

ಈ ನಿಯಮ ಚಂದ ಕೂತಿರುವುದು ಎದ್ದು ಬಂದು ಹೊಡೆದಾಡುವ ಎಲುಬಿನ ಹಂದರದಲ್ಲಿ. ಐದನೇ ಆವೃತ್ತಿಯಲ್ಲಿ ಅದರ ಜೀವ 13, ಜಜ್ಜುವ ಪೆಟ್ಟು ಅದಕ್ಕೆ ದುಪ್ಪಟ್ಟು. ಗದೆಯದು ಆರು ಮುಖದ ದಾಳ. ತೋಳ್ಬಲದ 3 ಸೇರಿಸಿದರೆ ಸರಾಸರಿ ಆರೂವರೆ, ದುಪ್ಪಟ್ಟಾದರೆ ಸರಿಯಾಗಿ 13. ಒಂದೇ ಏಟಿಗೆ ಎಲುಬು ಚೂರು. ಅದೇ ದಾಳದ, ಅದೇ ತೋಳ್ಬಲದ ಗಿಡ್ಡ ಕತ್ತಿಗೆ ಎರಡು ಏಟು ಬೇಕು. ಗದೆಗೆ ಅಂಗಡಿಯಲ್ಲಿ 5 ಬಂಗಾರದ ನಾಣ್ಯ, ಗಿಡ್ಡ ಕತ್ತಿಗೆ 10. ಅಗ್ಗದ ಆಯುಧ ತುಟ್ಟಿ ಆಯುಧವನ್ನು ಮೀರಿಸುವ ಜಾಗ ಇದು. ಇದನ್ನು ಯಾರೂ ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಒಣ ಎಲುಬನ್ನು ಕುಡಗೋಲಿನಿಂದ ಕೊಯ್ಯಲಿಕ್ಕಾಗದು, ಕಲ್ಲಿನಿಂದ ಒಡೆಯಬಹುದು ಅನ್ನುವುದು ಓಣಿಯ ನಾಯಿಗಳಿಗೂ ಗೊತ್ತು. ನಿಯಮ ಮತ್ತು ಬುದ್ಧಿ ಒಂದೇ ಕಡೆ ನಡೆಯುತ್ತವೆ.

ಹಿಂದೆ ಹೀಗಿರಲಿಲ್ಲ. ಆಟ ಹುಟ್ಟಿದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕೈಯಲ್ಲಿ. 1977ರ ರಾಕ್ಷಸರ ಪುಸ್ತಕದಲ್ಲಿ ಅರ್ಧಗಿರ್ಧದ ಮಾತು ಕಡಿಮೆ. ತೋಳಮನುಷ್ಯನಿಗೆ ಬೆಳ್ಳಿಯದೋ ಮಂತ್ರದ್ದೋ ಆಯುಧವೇ ಬೇಕು, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಗಾರ್ಗಾಯ್ಲಿಗೂ ಮಂತ್ರದ ಆಯುಧವೇ ಬೇಕು. ಬಾಗಿಲಿಗೆ ಬೀಗ, ಬೀಗಕ್ಕೆ ಕೀಲಿ. ಕೀಲಿ ಇಲ್ಲವೋ, ಓಡು. ಒರಟು ನಿಯಮ, ಆದರೆ ಅದರಲ್ಲಿ ಕಂತು ಕಟ್ಟುವ ಬೇಸರವಿರಲಿಲ್ಲ. ಓಡಬೇಕು ಅನ್ನುವುದು ಮೊದಲ ಏಟಿಗೇ ತಿಳಿಯುತ್ತಿತ್ತು.

2000ದ ಮೂರನೇ ಆವೃತ್ತಿ ಕಳೆಯುವ ಲೆಕ್ಕ ತಂದಿತು. ಗೋಲೆಮ್ ಅಂದರೆ ಮಂತ್ರದಿಂದ ನಡೆಯುವ ಬೊಂಬೆ; ಕಬ್ಬಿಣದ ಗೋಲೆಮ್ ಮೇಲೆ ಬಿದ್ದ ಪ್ರತಿ ಏಟಿನಿಂದ 50 ಕಳೆಯಬೇಕು, +3 ದರ್ಜೆಯ ಮಂತ್ರದ ಆಯುಧವಿದ್ದರೆ ಬೇಡ. 2003ರಲ್ಲಿ ಅದನ್ನು ತಿದ್ದಿ 15ಕ್ಕಿಳಿಸಿದರು, ಕೀಲಿಯನ್ನು ಮಂತ್ರದಿಂದ ಲೋಹಕ್ಕೆ, ಅಡಮಂಟೈನಿಗೆ ಬದಲಾಯಿಸಿದರು. ತೋಳಮನುಷ್ಯನಿಗೆ 10, ಕೀಲಿ ಬೆಳ್ಳಿ. ಹಂದರಕ್ಕೆ 5, ಕೀಲಿ ಜಜ್ಜು. ನಡೆಯುವ ಹೆಣಕ್ಕೂ 5, ಕೀಲಿ ಕಡಿ.

ಕಳೆಯುವುದಕ್ಕೂ ಅರ್ಧ ಮಾಡುವುದಕ್ಕೂ ಏನು ಮಹಾ ವ್ಯತ್ಯಾಸ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಮಾಸ್ತರು ಒಂದು ಸಂಜೆ ಅದನ್ನು ಪಾಟಿಯ ಮೇಲೆ ಹಾಕಿ ತೋರಿಸಿದರು. ತಂಗಿ ಚೂರಿಯಿಂದ ನಾಲ್ಕು ಸಲ ಆರಾರು ಹೊಡೆದಳು ಅನ್ನಿ, ಒಟ್ಟು 24. ಮಾಸ್ತರು ದೊಡ್ಡ ಕೊಡಲಿಯಿಂದ ಒಂದೇ ಏಟಿಗೆ 24 ಹೊಡೆದರು ಅನ್ನಿ. ಅರ್ಧ ಮಾಡುವ ಲೆಕ್ಕದಲ್ಲಿ ಇಬ್ಬರಿಗೂ 12. ಏಟಿಗೆ 10 ಕಳೆಯುವ ಲೆಕ್ಕದಲ್ಲಿ ಮಾಸ್ತರಿಗೆ 14, ತಂಗಿಗೆ ಸೊನ್ನೆ. ನಾಲ್ಕು ಸಲವೂ ಸೊನ್ನೆ. ಒಂದು ಸಣ್ಣ ಕಳೆಯುವ ಗುರುತು ಕಳ್ಳಿಯ ವೇಷದ, ಎರಡು ಚೂರಿಯ ತಂಗಿಯನ್ನು ಕಣದಿಂದಲೇ ಆಚೆ ಹಾಕಿ, ಎಲ್ಲರ ಕೈಗೂ ದೊಡ್ಡ ಆಯುಧ ಹಿಡಿಸುತ್ತದೆ. "ಅಂದ್ರ ಆ ಕಾಲದಾಗ ನಾ ಹುಟ್ಟಿದ್ರ ಮೂಲಿಗೆ ಕೂಡಬೇಕಿತ್ತು" ಅಂದಳು ತಂಗಿ.

ಆ ಕಾಲದ ಆಟಗಾರರು ಮೂಲೆಗೆ ಕೂರಲಿಲ್ಲ, ಚೀಲ ಹೊತ್ತರು. ಒಂದು ಬೆಳ್ಳಿಯ ಕತ್ತಿ, ಒಂದು ತಣ್ಣನೆ ಬಡಿದ ಕಬ್ಬಿಣದ್ದು, ಒಂದು ಅಡಮಂಟೈನಿನದು, ಜಜ್ಜಲಿಕ್ಕೆ ಒಂದು ಗದೆ. ಗಾಲ್ಫ್ ಆಡುವವರ ಚೀಲ ಅಂತ ಆಟಗಾರರೇ ಅದಕ್ಕೆ ಹೆಸರಿಟ್ಟು ನಗುತ್ತಿದ್ದರು. ವೀರನೊಬ್ಬ ರಾಕ್ಷಸನ ಎದುರು ನಿಂತು, ಬುಧವಾರ ಸಂತೆಯಲ್ಲಿ ಪಾನಾ ಹುಡುಕುವ ಮೆಕ್ಯಾನಿಕ್ಕನ ಹಾಗೆ ಚೀಲ ತಡಕುವ ಚಿತ್ರ ನನಗೆ ಸೇರುವುದಿಲ್ಲ. ಲೆಕ್ಕ ಸರಿಯಿದ್ದರೂ ಸೇರುವುದಿಲ್ಲ.

ಯಾಕೆ ಸೇರುವುದಿಲ್ಲ ಅನ್ನುವುದಕ್ಕೆ ಮಾಸ್ತರ ಕೊಡಲಿಯ ಕಥೆ ಹೇಳಬೇಕು. ಅವರ ವೇಷ ಒಬ್ಬ ಒಕ್ಕಲಿಗನದು. ಕೈಯಲ್ಲಿರುವುದು ಅಜ್ಜನ ಕೊಡಲಿ. ಕಾವು ಎರಡು ಸಲ ಬದಲಾಗಿದೆ, ಅಲಗು ಒಂದು ಸಲ, ಆದರೂ ಅಜ್ಜನದೇ. ಎಲುಬಿನ ಹಂದರಗಳಿದ್ದ ಗುಮ್ಮಟಕ್ಕೆ ಇಳಿಯುವ ಮುಂಚೆ ಎಲ್ಲರೂ ಗದೆ ಕೊಂಡರು. ಇವರು ಕೊಳ್ಳಲಿಲ್ಲ. "ಅಜ್ಜನ ಕೊಡಲಿ ಬಿಟ್ಟು ಯಾರದೋ ಗದಾ ಹಿಡೀಲೇನು?" ಅಂದರು. ಮರದ ಭೂತದ ಎದುರು ಅದೇ ಕೊಡಲಿ ರಾಜನಾಗಿತ್ತು. ಆ ಭೂತಕ್ಕೆ ಚುಚ್ಚಿದರೂ ಜಜ್ಜಿದರೂ ಅರ್ಧ, ಕಡಿದರೆ ಪೂರಾ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಅವತ್ತು ಮಾಸ್ತರು ಕುಣಿದಿದ್ದರು. ಈಗ ಗುಮ್ಮಟದಲ್ಲಿ ಒಂದು ಹಂದರ ಎದ್ದು ನಿಂತಿತು. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕೊಡಲಿ ತಿರುವಿ ಹಿಂದಿಂದ ಹೊಡದ್ರ?"

ಪುಸ್ತಕದ ಪ್ರಕಾರ ಅದು ಆಯುಧವೇ ಅಲ್ಲದ ವಸ್ತುವಿನಿಂದ ಹೊಡೆದಂತೆ, ನಾಲ್ಕು ಮುಖದ ದಾಳ. ನಾನು ಆರು ಮುಖದ್ದು ಕೊಟ್ಟೆ. ಯಾಕೆಂದರೆ ಗೂಟ ಬಡಿಯಲಿಕ್ಕೆ ನಮ್ಮ ಹೊಲದಲ್ಲೂ ಕೊಡಲಿಯ ಹಿಂಬದಿಯೇ. ಒಂದು ಕ್ಷಣ ಆ ನಿಯಮ ಅಂಕೆಯಾಗಿರಲಿಲ್ಲ, ಕೈಯ ತಿರುವಾಗಿತ್ತು. ಚೀಲದಿಂದ ಇನ್ನೊಂದು ಆಯುಧ ತೆಗೆಯುವುದಕ್ಕೂ ಇದ್ದ ಆಯುಧವನ್ನೇ ಬೇರೆ ಥರ ಹಿಡಿಯುವುದಕ್ಕೂ ಅಜಗಜಾಂತರ.

ಐದನೇ ಆವೃತ್ತಿ ಚೀಲದ ಭಾರ ಇಳಿಸಿತು, ನಿಜ. ಅರ್ಧ, ದುಪ್ಪಟ್ಟು, ಸೊನ್ನೆ. ಲೆಕ್ಕ ಮೂರನೇ ಇಯತ್ತೆಯದು. ಆದರೆ ತಡೆಯಿರುವ ಎಷ್ಟೋ ರಾಕ್ಷಸರಿಗೆ 'ಮಂತ್ರವಿಲ್ಲದ ಆಯುಧಕ್ಕೆ ಅರ್ಧ' ಅನ್ನುವ ಒಂದೇ ಸಾಲನ್ನು ಅಂಟಿಸಿಬಿಟ್ಟಿತು. ಒಂದು +1 ಮಂತ್ರದ ಕತ್ತಿ ಸಿಗುವ ತನಕ ಎಲ್ಲರೂ ಒಂದೇ ಥರ ಗಟ್ಟಿ, ಸಿಕ್ಕ ಮೇಲೆ ಎಲ್ಲರೂ ಒಂದೇ ಥರ ಮೆತ್ತಗೆ. ಎಲ್ಲಾ ಬೀಗಕ್ಕೂ ಒಂದೇ ಕೀಲಿ. 2025ರ ಹೊಸ ರಾಕ್ಷಸರ ಪುಸ್ತಕದಲ್ಲಿ ಆ ಸಾಲನ್ನೇ ಕಿತ್ತರು. ಪ್ರಾಮಾಣಿಕ ಕೆಲಸ. ಆದರೆ ಅದರ ಜೊತೆ ತೋಳಮನುಷ್ಯನ ಬೆಳ್ಳಿಯೂ ಹೋಯಿತು. ನಮ್ಮ ಮನೆಯಲ್ಲಿ ಅದನ್ನು ಒಪ್ಪಿಲ್ಲ. ಒಪ್ಪದವನು ಬಿದ್ರಿ ಮನೆಯ ಹುಡುಗ.

2014ರ ಪುಸ್ತಕದಲ್ಲಿ ಉದ್ದ ಕತ್ತಿಗೆ 15 ನಾಣ್ಯವಾದರೆ ಅದಕ್ಕೆ ಬೆಳ್ಳಿ ಹಚ್ಚಿಸಲಿಕ್ಕೆ 100. ತೋಳಮನುಷ್ಯನ ಸುದ್ದಿ ಸಿಕ್ಕಿತು ಅಂತ ಹುಡುಗ ತನ್ನ ಕತ್ತಿಗೆ ಬೆಳ್ಳಿ ಹಚ್ಚಿಸಲು ಹೊರಟ. ನಾನು ನಾಣ್ಯ ಎಣಿಸು ಅಂದೆ. ಅವನು, "ಹಚ್ಚಿಸೋದು ಯಾಕ? ನಾನೇ ಕೂಡಿಸ್ತೀನಿ, ತಾರಕಶಿ ಕೆಲಸ" ಅಂದು ಅರ್ಧ ತಾಸು ಆಟ ನಿಲ್ಲಿಸಿ ತನ್ನ ಮನೆಯ ಕಸುಬು ಹೇಳಿದ. ಎರಕ ಹೊಯ್ಯುವುದು ಸತುವಿನದು, ಅದರಲ್ಲಿ ತಾಮ್ರ ಸ್ವಲ್ಪ. ಹೆಚ್ಚೂಕಡಿಮೆ 16 ಪಾಲಿಗೆ 1 ಪಾಲು. ಕಾನಸು ಹಾಕಿ ನುಣುಪು ಮಾಡುವುದು, ಗೆರೆ ಕಾಣಲಿ ಅಂತ ಮೈಲುತುತ್ತ ಸವರುವುದು, ಉಳಿಯಿಂದ ಕೊರೆಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಬಡಿದು ಕೂಡಿಸುವುದು. ಆಮೇಲೆ ಎಲ್ಲರಿಗೂ ಗೊತ್ತಿರುವ ಆ ಕೊನೆಯ ಕೆಲಸ: ಕೋಟೆಯ ಹಳೇ ಮಣ್ಣು, ನವಸಾಗರ, ನೀರು ಕಲಸಿ, ಪಾತ್ರೆ ಬಿಸಿ ಮಾಡಿ ತಿಕ್ಕುವುದು. ಸತುವಿನ ಮೈ ಕಾಡಿಗೆಯಂತೆ ಕರ್ರಗಾಗುತ್ತದೆ. ಬೆಳ್ಳಿ ಇದ್ದಂತೆ ಇರುತ್ತದೆ. ಬಿದ್ರಿಗೆ 2006ರಲ್ಲಿ ಜಿಐ (ಭೌಗೋಳಿಕ) ಗುರುತು ಬಂದಾಗ ಊರೆಲ್ಲ ಮಾತಾಡಿದ್ದು ಈ ಮಣ್ಣಿನ ಬಗ್ಗೆಯೇ.

"ಮಣ್ಣು ಒಂದೇ ಅದ, ತಿಕ್ಕೋ ಕೈ ಒಂದೇ ಅದ" ಅಂದ ಹುಡುಗ. "ಸತುವಿಗೆ ಪೂರಾ ನಾಟ್ತದ, ಬೆಳ್ಳಿಗಿ ನಾಟಂಗಿಲ್ಲ. ನಿಮ್ಮ ಪುಸ್ತಕದಾಗ ಇದ್ದದ್ದು ಇದೇ ಅಲ್ಲೇನು?"

ಇದೇ. ಆದರೆ ನನ್ನ ಪುಸ್ತಕದಲ್ಲಿ ಇಲ್ಲದ್ದು ಒಂದಿತ್ತು. ಅವನಿಗೆ ಅದು ಮೊದಲೇ ಗೊತ್ತಿತ್ತು. ಬೆಳ್ಳಿ ಕಪ್ಪಾಗದು ಅನ್ನುವ ಭರವಸೆ ಇಲ್ಲದೆ ಯಾವ ಕುಶಲಕರ್ಮಿಯೂ ವಾರಗಟ್ಟಲೆ ತಂತಿ ಬಡಿದು ಕೊನೆಗೆ ಅದರ ಮೇಲೆ ಕೆಸರು ತಿಕ್ಕುವುದಿಲ್ಲ. ನಾನು ಗಾರ್ಗಾಯ್ಲನ್ನು ತಂದಾಗ ಆ ನಾಲ್ವರಿಗೆ ಯಾವ ಮಣ್ಣು, ಯಾವ ಲೋಹ ಅನ್ನುವುದೇ ತಿಳಿಯದಂತೆ ಮಾಡಿದ್ದೆ. (ಅಂದಹಾಗೆ ಸತುವಿನ ಎರಕದ ಕತ್ತಿ ಒಂದೇ ಏಟಿಗೆ ಮುರಿಯುತ್ತದೆ ಅಂತ ಹುಡುಗನೇ ಒಪ್ಪಿಕೊಂಡ. ಉಕ್ಕಿನ ಕತ್ತಿಯ ಮೈಯಲ್ಲಿ ಬೆಳ್ಳಿ ಕೂಡಿಸಿದ ಅಂತ ತೀರ್ಮಾನ ಮಾಡಿ, 100 ನಾಣ್ಯ ಬಿಟ್ಟು ಬೆಳ್ಳಿಯ ಖರ್ಚು ಮಾತ್ರ ತೆಗೆದುಕೊಂಡೆ. ಮೆಡಿಕಲ್ ಅಂಗಡಿಯವ ಇದನ್ನು ಸ್ವಜನ ಪಕ್ಷಪಾತ ಅಂದ.)

ಶ್ರಾವಣದಲ್ಲಿ ಎಲ್ಲರೂ ಕೂಡಿ ಝರಣಿ ನರಸಿಂಹನಿಗೆ ಹೋಗಿದ್ದೆವು. ಹೋದವರಿಗೆ ಗೊತ್ತು: ಗುಡ್ಡದ ಒಳಗಿನ ಸುರಂಗ, ಎದೆಮಟ ನೀರು, ತಲೆಯ ಮೇಲೆ ಬಾವಲಿಗಳು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರು, ಮುಂದಿನವರ ಹೆಗಲು ಹಿಡಿದುಕೊಂಡು ಸಾಲು ನಿಧಾನಕ್ಕೆ ಸರಿಯುವುದು. ಕೊನೆಗೆ ಗೋಡೆಯಲ್ಲಿ ನರಸಿಂಹ. ಹಿರಣ್ಯಕಶಿಪುವನ್ನು ಕೊಂದ ಮೇಲೆ ಸ್ವಾಮಿ ಇಲ್ಲಿ ಜಲಾಸುರನನ್ನು ಕೊಂದ, ಆ ಅಸುರನೇ ನೀರಾಗಿ ಪಾದದ ಕೆಳಗೆ ಹರಿದ ಅಂತ ಸ್ಥಳಪುರಾಣ. ಅಂದರೆ ನಾವು ಎದೆಮಟ ದಾಟುವುದು ಆ ಅಸುರನನ್ನೇ.

ಸಾಲು ನಿಂತಾಗ ತಂಗಿ ಹಿಂದಿನಿಂದ ನನ್ನ ಹೆಗಲಿಗೆ ತಟ್ಟಿ, "ಹಿರಣ್ಯಕಶಿಪುಂದು ಹಾಳಿ ಬರದ್ರ ಎಷ್ಟು ಉದ್ದ ಆಗ್ತದ ನೋಡು" ಅಂದಳು. ಒಳಗಲ್ಲ, ಹೊರಗಲ್ಲ. ಹಗಲಲ್ಲ, ಇರುಳಲ್ಲ. ನೆಲದ ಮೇಲಲ್ಲ, ಆಕಾಶದಲ್ಲಲ್ಲ. ಮನುಷ್ಯನಿಂದಲ್ಲ, ಮೃಗದಿಂದಲ್ಲ. ಆಯುಧದಿಂದಂತೂ ಅಲ್ಲವೇ ಅಲ್ಲ. ಅವನ ಎದುರು ಗಾಲ್ಫ್ ಚೀಲದಲ್ಲಿ ಏನಿದ್ದರೂ ಕೆಲಸಕ್ಕೆ ಬಾರದು. ಆದರೂ ಈ ಕಥೆ ಕೇಳುವ ಮಗುವಿಗೆ ಕಂತು ಕಟ್ಟುವ ಬೇಸರವಿಲ್ಲ. ವರದ ಪಟ್ಟಿಯನ್ನು ಕಥೆ ಮೊದಲೇ, ಗಟ್ಟಿಯಾಗಿ, ಒಂದೊಂದಾಗಿ ಹೇಳಿಬಿಡುತ್ತದೆ. ಪಟ್ಟಿ ಉದ್ದವಾದಷ್ಟೂ ಕೇಳುವವನ ಕಣ್ಣು ಸಂದು ಹುಡುಕುತ್ತದೆ. ಹೊಸ್ತಿಲು, ಮುಸ್ಸಂಜೆ, ತೊಡೆ, ಉಗುರು ಬರುವ ಹೊತ್ತಿಗೆ ಅವನೂ ಅರ್ಧ ದಾರಿ ಬಂದಿರುತ್ತಾನೆ. ನನ್ನ ಕಲ್ಲಿನ ಭೂತಕ್ಕೆ ಪಟ್ಟಿಯಿತ್ತು, ಆದರೆ ಅದು ನನ್ನ ಮಡಿಲಲ್ಲಿ ಮುಚ್ಚಿಟ್ಟ ಪುಸ್ತಕದಲ್ಲಿತ್ತು. ಸಂದು ಇರಲೇ ಇಲ್ಲ.

ಆಮೇಲೆ ನಾನು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಅಂಕೆಗಳನ್ನು ಮುಟ್ಟಿಲ್ಲ. ಯಾವ ರಾಕ್ಷಸನಿಗೆ ತಡೆ ಇದೆಯೋ ಅದು ಕಾಳಗಕ್ಕೆ ಮುಂಚೆ ಯಾರದಾದರೂ ಬಾಯಿಂದ ಬರಲೇಬೇಕು: ದನ ಕಾಯುವವನು, ಕುಂಟುತ್ತ ವಾಪಸು ಬಂದ ಸಿಪಾಯಿ, ಮುರಿದ ಬಾಣಗಳ ರಾಶಿ. ಕೇಳಿಸಿಕೊಳ್ಳದೆ ಹೋದರೆ ಅದು ಅವರ ಕರ್ಮ. ಎರಡನೆಯದು, ಏಟು ಬಿದ್ದಾಗ 'ಅರ್ಧ' ಅಂತ ಅಂಕೆಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಅಲಗು ಜಾರಿ ಕಿಡಿ ಹಾರಿತು ಅನ್ನುತ್ತೇನೆ, ಕೈ ಜುಮ್ಮೆಂದಿತು ಅನ್ನುತ್ತೇನೆ. ಮಾಸ್ತರಿಗೆ ಮಾತ್ರ ಅಂಕೆ ಬೇಕು, ಅವರ ಕಿವಿಯಲ್ಲಿ ಹೇಳುತ್ತೇನೆ.

ತನ್ನ ತಡೆಯನ್ನು ತಾನೇ ಸಾರುವ ಪ್ರಾಣಿಗಳೂ ಇವೆ, ನನಗೆ ಈಗ ಅವೇ ಅಚ್ಚುಮೆಚ್ಚು. ಓಕರ್ ಜೆಲ್ಲಿ ಅಂತ ಒಂದು ಹಳದಿ ಲೋಳೆ ಇದೆ. ಕಡಿದರೆ ಎರಡಾಗುತ್ತದೆ, ಎರಡನ್ನು ಕಡಿದರೆ ನಾಲ್ಕು. ಸಿಡಿಲು ಹೊಡೆದರೂ ಅದೇ ಗತಿ. ಮಾಸ್ತರು ಒಂದು ಏಟು ಹಾಕಿದ್ದೇ ತಡ, ನಾಲ್ವರೂ ಒಟ್ಟಿಗೆ, "ಏ, ರಕ್ತಬೀಜ!" ಅಂದರು. ಯಾರೂ ಪುಸ್ತಕ ಕೇಳಲಿಲ್ಲ. ಕತ್ತಿ ಒಳಗೆ ಹೋಯಿತು, ಗದೆ ಹೊರಗೆ ಬಂತು, ತಂಗಿ ಹಂಡೆ ತಂದು ಮುಚ್ಚಿಡೋಣ ಅಂದಳು. ಒಂದು ಏಟಿಗೆ ಇಷ್ಟು ವಿಷಯ ತಿಳಿಸುವ ನಿಯಮ ಇನ್ನೊಂದು ಬೇಕಲ್ಲ.

ನಮ್ಮದೇ ರಾಕ್ಷಸನ ಬಗ್ಗೆ ಒಂದು ತಕರಾರು ಇದೆ, ಹೇಳಿಬಿಡುತ್ತೇನೆ. ಈ ಆಟದ 1977ರ ಪುಸ್ತಕದಲ್ಲೇ ರಾಕ್ಷಸ ಅನ್ನುವ ಹೆಸರಿನವನೇ ಒಬ್ಬನಿದ್ದಾನೆ. ಹುಲಿಯ ತಲೆ, ಅಂಗೈ ತಿರುಗಿಸಿಟ್ಟಂಥ ಕೈ, ಮೈಮೇಲೆ ರೇಷ್ಮೆ. ಆಗ ಅವನಿಗೆ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾವು. 2014ರಲ್ಲಿ ಒಳ್ಳೆಯವರ ಕೈಯ ಮಂತ್ರದ ಆಯುಧ ಚುಚ್ಚಿದರೆ ದುಪ್ಪಟ್ಟು ಅಂತಾಯಿತು. ಹುಲಿ ತಲೆ ಎಲ್ಲಿಂದ ಬಂತೋ ಇರಲಿ. ಒಳ್ಳೆಯವರು ಯಾರು ಅಂತ ತೀರ್ಮಾನ ಮಾಡಬೇಕಾಗಿ ಬಂದ ದಿನ ನಮ್ಮ ಕೋಣೆಯಲ್ಲಿ ಎಂಥಾ ಜಗಳ ಆಯಿತು ಅನ್ನುತ್ತೀರಿ. ಕಳ್ಳಿಯ ಬಾಣ ನಾಟುತ್ತದೋ ಇಲ್ಲವೋ? ತಂಗಿ ಇವತ್ತಿಗೂ ಆ ಮಾತು ಎತ್ತಿದರೆ ಚಹಾ ಕೊಡುವುದಿಲ್ಲ.

ಈಗ ನಡೆಯುತ್ತಿರುವ ಅಸುರನನ್ನು ನಾನು ಯಾವ ರಾಕ್ಷಸರ ಪುಸ್ತಕದಿಂದಲೂ ತೆಗೆದಿಲ್ಲ. ನಮುಚಿಯ ಕಥೆಯಿಂದ ಎತ್ತಿದ್ದು. ಇಂದ್ರ ಅವನಿಗೆ ಮಾತು ಕೊಟ್ಟಿದ್ದ: ಹಗಲು ಕೊಲ್ಲುವುದಿಲ್ಲ, ಇರುಳು ಕೊಲ್ಲುವುದಿಲ್ಲ, ಒಣಗಿದ್ದರಿಂದ ಕೊಲ್ಲುವುದಿಲ್ಲ, ಹಸಿಯದರಿಂದಲೂ ಕೊಲ್ಲುವುದಿಲ್ಲ. ಕೊನೆಗೆ ಕೊಂದದ್ದು ನೀರಿನ ನೊರೆಯಿಂದ. ನಮ್ಮವರಿಗೆ ಈ ಕಥೆ ಗೊತ್ತಿಲ್ಲ ಅನ್ನುವುದು ನನ್ನ ಧೈರ್ಯ. ವರವನ್ನು ಮಾತ್ರ ಮೊದಲ ದಿನವೇ ಒಬ್ಬ ಮುದುಕಿಯ ಬಾಯಿಂದ ಪೂರಾ ಹೇಳಿಸಿದ್ದೇನೆ.

ಮೂರು ವಾರವಾಯಿತು. ಇನ್ನೂ ಯಾರೂ ಅವನ ಗುಹೆಗೆ ಹೋಗಿಲ್ಲ. ಮೆಡಿಕಲ್ ಅಂಗಡಿಯವ ಮಂಜು ಅಂದ, ಆಮೇಲೆ ಮುಲಾಮು ಅಂದ. ತಂಗಿ, ಆಗತಾನೆ ಹಂಚಿನಿಂದ ಇಳಿಸಿದ ಜೋಳದ ರೊಟ್ಟಿ ಹಸಿಯೂ ಅಲ್ಲ ಒಣವೂ ಅಲ್ಲ ಅಂತ ವಾದ ಮಾಡಿ ಎಲ್ಲರನ್ನೂ ನಗಿಸಿದಳು, ಆದರೆ ಅವಳು ನಗಲಿಲ್ಲ. ಬಿದ್ರಿ ಹುಡುಗ, ಬಿಸಿ ಪಾತ್ರೆಗೆ ತಿಕ್ಕಿದ ಮಣ್ಣು ಆರುವ ಮುಂಚೆ ಒಂದು ಗಳಿಗೆ ಇರುತ್ತದಲ್ಲ, ಅದು ಯಾವ ಲೆಕ್ಕ ಅಂತ ಕೇಳಿದ. ನನ್ನ ನೊರೆಗಿಂತ ಅದೇ ಚೆನ್ನಾಗಿದೆ ಅನ್ನಿಸಿ ಮುಖ ತಿರುಗಿಸಿದೆ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮಾಸ್ತರ ಮೆಸೇಜು ಬಂತು. "ಕೊಡಲಿ ಅಲಗಿಗಿ ಸಾಬೂನಿನ ಬುರುಗು ಹಚ್ಚಿ ಹೊಡದ್ರ ನಡೀತದೇನ್ರಿ? ಮುಸ್ಸಂಜಿಗೇ ಹೋಗ್ತೀವಿ."

ನಾನಿನ್ನೂ ಉತ್ತರ ಬರೆದಿಲ್ಲ.